ಮದುವೆ ಕೇಕ್ ಮೇಲಿನ ಕ್ಲೇ ಜೋಡಿ ಗೊಂಬೆ: ಕೊಡಗಿನ ಥಂಡಿಯಲ್ಲೂ ಕೈಕೊಡದ ಹಾಗೆ ಮಾಡುವ ಸಮಗ್ರ ಮಾರ್ಗದರ್ಶಿ

ಗೆಳೆಯರ ಮದುವೆಗೆ ಕೈಯಾರೆ ಕೇಕ್ ಟಾಪರ್ ಮಾಡಿಕೊಡಬೇಕು ಅಂತ ಹೊರಟವರ ಕಷ್ಟ ಹೆಚ್ಚುಕಮ್ಮಿ ಒಂದೇ. ಕುತ್ತಿಗೆ ವಾಲಿತು. ಸೀರೆ ಬಿರುಕು ಬಿಟ್ಟಿತು. ಬಿಳಿ ಕುಪ್ಯಕ್ಕೆ, ಅಂದರೆ ಕೊಡವ ವರನ ನಿಲುವಂಗಿಗೆ, ಕೆಂಪು ಬಣ್ಣ ಹತ್ತಿತು. ಎಲ್ಲಾ ಸರಿಯಾಗಿ ಬಂದರೆ ಹಾಲ್‌ನಲ್ಲಿ ಗೊಂಬೆ ಕ್ರೀಮಿನೊಳಗೆ ಮೊಣಕಾಲುದ್ದ ಇಳಿಯಿತು.

ಇದಕ್ಕೆ ಕೈಚಳಕ ಕಡಿಮೆ ಇರುವುದು ಕಾರಣ ಅಲ್ಲ. ಬಹಳ ಜನ ಮುಖದಿಂದ ಶುರು ಮಾಡುತ್ತಾರೆ. ಶುರು ಮಾಡಬೇಕಾದ್ದು ತಳದಿಂದ. ಕೇಕ್ ಎಷ್ಟು ಭಾರ ಹೊರುತ್ತದೆ, ಗೊಂಬೆ ಯಾವುದರ ಮೇಲೆ ನಿಲ್ಲುತ್ತದೆ, ಒಳಗಿನ ತಂತಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಇಷ್ಟು ಗೊತ್ತಾದ ಮೇಲೆಯೇ ಕಣ್ಣು, ಮೂಗು, ಮೀಸೆ. ಕೆಳಗಿನ ಹಂತಗಳ ಕ್ರಮ ಬದಲಿಸಬೇಡಿ.

1. ಕ್ಲೇ ಕೊಳ್ಳುವ ಮೊದಲು ಕೇಳಿಕೊಳ್ಳಬೇಕಾದ್ದು

ಕೇಕ್ ಮಾಡುವವರಿಗೆ ಒಂದು ಫೋನ್ ಮಾಡಿ. ಮೂರು ವಿಷಯ ಕೇಳಿ: ಮೇಲಿನ ಅಂತಸ್ತಿನ ಅಗಲ ಎಷ್ಟು, ಮೇಲೆ ಯಾವ ಕ್ರೀಮ್, ಕೇಕ್ ಫ್ರಿಜ್‌ನಿಂದ ಯಾವಾಗ ಹೊರಗೆ ಬರುತ್ತದೆ. ನಮ್ಮ ಕಡೆಯ ಬೇಕರಿಗಳಲ್ಲಿ ವಿಪ್ಡ್ ಕ್ರೀಮ್ ಕೇಕೇ ಜಾಸ್ತಿ. ಅದು ಮೆತ್ತಗೆ, ತಾನಾಗಿ ಯಾವ ಭಾರವನ್ನೂ ಹೊರುವುದಿಲ್ಲ. ಫಾಂಡೆಂಟ್ (ಸಕ್ಕರೆ ಕಣಕದ ಹಾಳೆ) ಹೊದಿಸಿದ ಕೇಕ್ ಸ್ವಲ್ಪ ಗಟ್ಟಿ, ಆದರೂ ಪೂರ್ತಿ ನಂಬುವ ಹಾಗಿಲ್ಲ.

ಮೇಲಿನ ಅಂತಸ್ತು 6 ಇಂಚು, ಅಂದರೆ ಸುಮಾರು 15 ಸೆಂ.ಮೀ. ಇದ್ದರೆ ಗೊಂಬೆ ನಿಲ್ಲಲು 9 ಸೆಂ.ಮೀ. ಅಗಲದ ದುಂಡು ಡಿಸ್ಕ್, 10 ಸೆಂ.ಮೀ. ಎತ್ತರದ ಗೊಂಬೆ ಸಾಕು. ಡಿಸ್ಕ್ ಸೇರಿ 200 ಗ್ರಾಂ ದಾಟದಿರಲಿ. ಅಡುಗೆಮನೆ ತಕ್ಕಡಿ ಇದ್ದರೆ ಪ್ರತಿ ಹಂತದಲ್ಲೂ ತೂಗಿ ನೋಡಿ.

ಆಮೇಲೆ ಉಡುಪಿನ ಫೋಟೊ. ಗುಟ್ಟಾಗಿ ಮಾಡುತ್ತಿದ್ದರೆ ತಂಗಿಯನ್ನೋ ಅತ್ತಿಗೆಯನ್ನೋ ಹಿಡಿದು ತರಿಸಿಕೊಳ್ಳಿ. ಕೊಡಗಿನ ಮದುವೆ ಅಂದರೆ ಎಲ್ಲವೂ ಕೊಡವ ಮದುವೆ ಅಲ್ಲ. ಅರೆಭಾಷೆ ಗೌಡರ ಮನೆ, ಮಾಪಿಳ್ಳೆಯವರ ಮನೆ, ಚರ್ಚಿನ ಮದುವೆ, ಒಂದೊಂದರ ಉಡುಪು ಬೇರೆ. ಊಹೆ ಮೇಲೆ ಮಾಡಿದರೆ ಮೊದಲು ತಪ್ಪು ಹಿಡಿಯುವವರು ಮನೆಯ ಅಜ್ಜಿಯರು.

2. ಯಾವ ಕ್ಲೇ?

ಓಟಿಜಿ (ಮನೆಯ ಸಣ್ಣ ಕರೆಂಟ್ ಓವನ್) ಇದ್ದರೆ ಪಾಲಿಮರ್ ಕ್ಲೇ. ಇದರಲ್ಲಿ ನನಗೆ ಎರಡನೇ ಮಾತಿಲ್ಲ. ಇದು ಪಿವಿಸಿಯಿಂದ ಮಾಡಿದ್ದು. ಗಾಳಿಗೆ ಒಣಗುವುದಿಲ್ಲ, ಬಿಸಿಗೆ ಮಾತ್ರ ಗಟ್ಟಿಯಾಗುತ್ತದೆ. ಅದಕ್ಕೇ ಮಡಿಕೇರಿಯ ಜುಲೈ ಮಳೆಯಲ್ಲೂ ಆರಾಮವಾಗಿ ಕೆಲಸ ಮಾಡಬಹುದು. ಬೇಯಿಸಿದ ಮೇಲೆ ಹೆಚ್ಚು ಕುಗ್ಗುವುದಿಲ್ಲ, ಥಂಡಿ ಎಳೆದುಕೊಳ್ಳುವುದೂ ಇಲ್ಲ.

ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಏರ್ ಡ್ರೈ ಕ್ಲೇ ಅಗ್ಗ, ಆದರೆ ಅದರೊಳಗಿನ ನೀರು ಆರಿದಾಗಲೇ ಅದು ಗಟ್ಟಿಯಾಗುವುದು. ಬಟ್ಟೆಯೇ ವಾರಗಟ್ಟಲೆ ಒಣಗದ ಊರಲ್ಲಿ ಅದು ಯಾವಾಗ ಒಣಗಬೇಕು? ಓಟಿಜಿ ಇಲ್ಲದವರು ಜನವರಿಯಿಂದ ಏಪ್ರಿಲ್‌ವರೆಗಿನ ಮದುವೆಗೆ ಅದನ್ನು ಬಳಸಬಹುದು. ಅವರಿಗಾಗಿ 9ನೇ ಹಂತ ಇದೆ. ಮಕ್ಕಳಿಗೆ ಮಾರುವ ಹಗುರ ಫೋಮ್ ಕ್ಲೇ ಬಿರುಕು ಬಿಡುವುದು ಕಡಿಮೆ, ಆದರೆ ಅದರಲ್ಲಿ ಸಣ್ಣ ನೆರಿಗೆ, ಒಡವೆ ಚೂಪಾಗಿ ಮೂಡುವುದಿಲ್ಲ.

3. ಬೇಕಾದ ಸಾಮಾನು

ಪಾಲಿಮರ್ ಕ್ಲೇಯಲ್ಲಿ ಬಿಳಿ, ಕೆಂಪು, ಕಪ್ಪು, ಕಂದು ಮತ್ತು ಸ್ವಲ್ಪ ಹಳದಿ. ಜೊತೆಗೆ ಒಂದು ಸಣ್ಣ ಬಾಟಲಿ ಲಿಕ್ವಿಡ್ ಕ್ಲೇ. ಹಾರ್ಡ್‌ವೇರ್ ಅಂಗಡಿಯಿಂದ 16 ಗೇಜಿನ ಜಿಐ (ಸತು ಲೇಪಿಸಿದ ಕಬ್ಬಿಣದ) ತಂತಿ ಮತ್ತು ಕೈಗಳಿಗೆ ತೆಳು ಬೈಂಡಿಂಗ್ ವೈರ್. ಅಡುಗೆಯ ಅಲ್ಯೂಮಿನಿಯಂ ಫಾಯಿಲ್, ಇಕ್ಕಳ, ಹೊಸ ಬ್ಲೇಡ್, ಟೂತ್‌ಪಿಕ್, ಹೆಣಿಗೆ ಕಡ್ಡಿ, ವೆಟ್ ವೈಪ್ಸ್. ಲಟ್ಟಿಸಲು ಲಟ್ಟಣಿಗೆ ಬೇಡ, ಗಾಜಿನ ಬಾಟಲಿ ಸಾಕು. ತಳಕ್ಕೆ 4 ಮಿ.ಮೀ. ದಪ್ಪದ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಡಿಸ್ಕ್.

ಕೆಲಸ ಮಾಡಲು ಒಂದು ನಯವಾದ ಟೈಲ್ಸ್ ತುಂಡು. ಅದರ ಮೇಲೆಯೇ ಮಾಡಿ, ಅದನ್ನೇ ಎತ್ತಿ ಓಟಿಜಿಗೆ ಇಡಿ. ಹಸಿ ಕ್ಲೇಯನ್ನು ಪಾಲಿಶ್ ಮಾಡಿದ ಮೇಜಿನ ಮೇಲೆ ಬಿಡಬೇಡಿ, ಪಾಲಿಶ್ ಕರಗಿ ಕಲೆಯಾಗುತ್ತದೆ. ಕೆಲವು ಪ್ಲಾಸ್ಟಿಕ್ ಡಬ್ಬಗಳನ್ನೂ ಅದು ಮೆತ್ತಗಾಗಿಸುತ್ತದೆ. ಸಾಮಾನ್ಯ ಪಾಲಿಥೀನ್ ಕವರಿನಲ್ಲಿ ಸುತ್ತಿಟ್ಟರೆ ತೊಂದರೆ ಇಲ್ಲ.

ಎರಡು ಸಾಮಾನು ದುಬಾರಿ ಅನ್ನಿಸಿದರೂ ಬಿಡಬೇಡಿ. ಒಂದು, ಓವನ್ ಥರ್ಮಾಮೀಟರ್. ಓಟಿಜಿಯ ತಿರುಗಣೆ 120 ಅಂತ ತೋರಿಸುವಾಗ ಒಳಗೆ 150 ಇರುವುದು ಮಾಮೂಲು. ಇನ್ನೊಂದು, ಲಿಕ್ವಿಡ್ ಕ್ಲೇ. ಬೆಂದ ಭಾಗದ ಮೇಲೆ ಹಸಿ ಭಾಗ ಹಿಡಿದು ಕೂರುವುದು ಅದರಿಂದ. ಫೆವಿಕ್ವಿಕ್ ಹಾಕಿ ಬೇಯಿಸಿದರೆ ಬಿಸಿಗೆ ಅದರ ಹಿಡಿತ ಸಡಿಲವಾಗುತ್ತದೆ. ಅದೇನಿದ್ದರೂ ಕೊನೆಯ ಬೇಯಿಸುವಿಕೆ ಮುಗಿದ ಮೇಲೆ.

ಕ್ಲೇಗೆ ಬಳಸಿದ ಚಾಕು, ತಟ್ಟೆ, ಬಾಟಲಿ ಯಾವುದೂ ಮತ್ತೆ ಅಡುಗೆಗೆ ಹೋಗಬಾರದು.

4. ಅಳತೆಯ ಚಿತ್ರ ಮತ್ತು ತಂತಿಯ ಕಟ್ಟು

ಕಾಗದದ ಮೇಲೆ ನಿಜ ಅಳತೆಯಲ್ಲೇ ಇಬ್ಬರ ಚಿತ್ರ ಬರೆಯಿರಿ. ಕಲೆಗಾರಿಕೆ ಬೇಡ, ಗೆರೆ ಸಾಕು. ತಲೆ 3 ಸೆಂ.ಮೀ., ಉಳಿದ ಮೈ 7 ಸೆಂ.ಮೀ. ತಲೆ ದೊಡ್ಡದಿದ್ದರೆ ಮುದ್ದಾಗಿ ಕಾಣುತ್ತದೆ, ಮುಖ ಮಾಡುವುದೂ ಸುಲಭ. ಇಬ್ಬರ ನಿಜವಾದ ಎತ್ತರದ ವ್ಯತ್ಯಾಸವನ್ನು ಉಳಿಸಿಕೊಳ್ಳಿ. ಯಾರು ಯಾರು ಅಂತ ಗುರುತು ಸಿಗುವುದು ಅರ್ಧ ಅದರಿಂದಲೇ.

ಈಗ ತಂತಿ. ವರನಿಗೆ ಎರಡು ಕಾಲಿಗೂ ಒಂದೊಂದು ತಂತಿ. ಅವು ಸೊಂಟದಲ್ಲಿ ಹೆಣೆದುಕೊಂಡು, ಕುತ್ತಿಗೆ ದಾಟಿ, ತಲೆಯ ಮಧ್ಯದವರೆಗೆ ಹೋಗಬೇಕು. ಕೆಳಗೆ 2 ಸೆಂ.ಮೀ. ಹೆಚ್ಚು ಬಿಡಿ. ಡಿಸ್ಕ್‌ಗೆ ತೂತು ಕೊರೆದು, ಆ ತುದಿಗಳನ್ನು ಇಳಿಸಿ, ತಳದಲ್ಲಿ ಚಪ್ಪಟೆಯಾಗಿ ಮಡಚಿ. ವಧುವಿಗೆ ಒಂದೇ ತಂತಿ ಸಾಕು, ಸೀರೆಯ ಅಗಲವೇ ಅವಳನ್ನು ನಿಲ್ಲಿಸುತ್ತದೆ.

ಕುತ್ತಿಗೆಯಲ್ಲಿ ಟೂತ್‌ಪಿಕ್ ಮಾತ್ರ ಇಟ್ಟು ತಲೆ ಕೂರಿಸುವುದು ಎಲ್ಲರೂ ಮಾಡುವ ತಪ್ಪು. ತುದಿಯಲ್ಲಿ ಕೂರುವ ತಲೆ ಭಾರದ್ದು. ಬೇಯುವಾಗ ಕ್ಲೇ ಮೊದಲು ಮೆತ್ತಗಾಗುತ್ತದೆ, ಆಮೇಲೆ ಗಟ್ಟಿಯಾಗುತ್ತದೆ. ಆ ಮೆತ್ತಗಿನ ಹೊತ್ತಿನಲ್ಲೇ ತಲೆ ವಾಲುವುದು.

ತಂತಿಯ ಸುತ್ತ ಫಾಯಿಲ್ ಉಂಡೆ ಕಟ್ಟಿ. ಎದೆಗೆ ಒಂದು, ಸೀರೆಗೆ ಲಾಳಿಕೆಯಾಕಾರದ ದೊಡ್ಡದೊಂದು, ತಲೆಗೆ 2 ಸೆಂ.ಮೀ. ಉಂಡೆ. ಚೆನ್ನಾಗಿ ಅದುಮಿ, ಟೈಲ್ಸ್ ಮೇಲೆ ಉರುಳಿಸಿ ನುಣ್ಣಗೆ ಮಾಡಿ. ಸಡಿಲವಿದ್ದರೆ ಒಳಗಿನ ಗಾಳಿ ಬಿಸಿಗೆ ಹಿಗ್ಗಿ ಮೇಲೆ ಗುಳ್ಳೆ ಬರುತ್ತದೆ. ಇದೇ ಫಾಯಿಲ್‌ನಿಂದ ಗೊಂಬೆ ಹಗುರವಾಗುತ್ತದೆ, ಕ್ಲೇ ಖರ್ಚೂ ಉಳಿಯುತ್ತದೆ.

ಡಿಸ್ಕ್ ಸಮೇತ ಈ ಕಟ್ಟನ್ನು ಮೇಜಿನ ಮೇಲಿಟ್ಟು ಮೇಜನ್ನು ಅಲುಗಾಡಿಸಿ. ಗೊಂಬೆ ತೂಗಾಡಿದರೆ ಈಗಲೇ ಬಿಚ್ಚಿ ಸರಿ ಮಾಡಿ. ಕ್ಲೇ ಹಚ್ಚಿದ ಮೇಲೆ ಸರಿಮಾಡಲು ಆಗುವುದಿಲ್ಲ.

5. ನಾದುವುದು ಮತ್ತು ಬಣ್ಣದ ಸರದಿ

ಪಾಲಿಮರ್ ಕ್ಲೇಯನ್ನು ಪ್ಯಾಕೆಟ್‌ನಿಂದ ತೆಗೆದ ಹಾಗೇ ಬಳಸಿದರೆ ಬಿರುಕು ಗ್ಯಾರಂಟಿ. ಹೋಳಿಗೆಯ ಕಣಕದ ಹಾಗೆ ಮೃದುವಾಗುವವರೆಗೆ ನಾದಬೇಕು. ಪರೀಕ್ಷೆ ಹೀಗೆ: ಒಂದು ಹಾಳೆ ಲಟ್ಟಿಸಿ ಮಡಚಿ. ಮಡಿಕೆಯ ಅಂಚು ಸೀಳಿದರೆ ಇನ್ನೂ ನಾದಿ. ಡಿಸೆಂಬರ್ ಬೆಳಗ್ಗೆ ಕಲ್ಲಿನ ಹಾಗೆ ಗಟ್ಟಿಯಿದ್ದರೆ ಪಾಲಿಥೀನ್‌ನಲ್ಲಿ ಸುತ್ತಿ ಸ್ವಲ್ಪ ಹೊತ್ತು ಜೇಬಿನಲ್ಲಿಟ್ಟುಕೊಳ್ಳಿ. ಮೈಕ್ರೋವೇವ್‌ಗೆ ಮಾತ್ರ ಬೇಡ.

ಮೊದಲು ಬಿಳಿ. ಆಮೇಲೆ ಮೈಬಣ್ಣ, ಆಮೇಲೆ ಕೆಂಪು, ಕೊನೆಗೆ ಕಪ್ಪು. ಕೆಂಪು ಕ್ಲೇಯ ಬಣ್ಣ ಬೆರಳಿಗೆ ಹತ್ತಿ, ಮುಟ್ಟಿದ್ದಕ್ಕೆಲ್ಲಾ ಅಂಟುತ್ತದೆ. ಕೊಡವ ಜೋಡಿಯಲ್ಲಂತೂ ಬಿಳಿ ಕುಪ್ಯದ ಪಕ್ಕದಲ್ಲೇ ಕೆಂಪು ಸೀರೆ ನಿಲ್ಲುತ್ತದೆ, ಇದಕ್ಕಿಂತ ಕೆಟ್ಟ ಜೋಡಣೆ ಇನ್ನೊಂದಿಲ್ಲ. ಬಣ್ಣ ಬದಲಿಸುವಾಗೆಲ್ಲಾ ಕೈಯನ್ನೂ ಟೈಲ್ಸನ್ನೂ ವೆಟ್ ವೈಪ್ಸ್‌ನಿಂದ ಒರೆಸಿ. ಸ್ವೆಟರ್ ಬಿಚ್ಚಿಡಿ. ನಾಯಿಯನ್ನು ಕೋಣೆಯಿಂದ ಆಚೆ ಕಳಿಸಿ. ಬಿಳಿ ಕ್ಲೇಗೆ ಉಣ್ಣೆಯ ಎಳೆ, ನಾಯಿಕೂದಲು ಅಂದರೆ ಪಂಚಪ್ರಾಣ.

ಮೈಬಣ್ಣಕ್ಕೆ ಬಿಳಿ, ಕಂದು, ಚೂರು ಹಳದಿ ಬೆರೆಸಿ. ತಲೆ, ಕೈ, ಕುತ್ತಿಗೆ ಎಲ್ಲಕ್ಕೂ ಆಗುವಷ್ಟು ಒಂದೇ ಸಲಕ್ಕೆ ಮಾಡಿಟ್ಟುಕೊಳ್ಳಿ, ಅದೇ ಬಣ್ಣ ಎರಡನೇ ಸಲ ಬರುವುದಿಲ್ಲ. ದಯವಿಟ್ಟು ಇಬ್ಬರನ್ನೂ ಸುಮ್ನೆ ಬೆಳ್ಳಗೆ ಮಾಡಬೇಡಿ, ಇದ್ದ ಹಾಗೆ ಮಾಡಿ. ಬಟಾಣಿಯಷ್ಟು ಬೇಯಿಸಿ ನೋಡಿ, ಬೆಂದ ಮೇಲೆ ಬಣ್ಣ ಸ್ವಲ್ಪ ಗಾಢವಾಗುತ್ತದೆ.

6. ಮೈ, ಉಡುಪು, ತಲೆ: ಇದೇ ಕ್ರಮದಲ್ಲಿ

ಮೊದಲು ಫಾಯಿಲ್ ಮೇಲೆ ತೆಳುವಾಗಿ ಲಿಕ್ವಿಡ್ ಕ್ಲೇ ಸವರಿ. 3 ಮಿ.ಮೀ. ದಪ್ಪದ ಹಾಳೆ ಹೊದಿಸಿ, ಮಧ್ಯದಿಂದ ಅಂಚಿಗೆ ಒತ್ತುತ್ತಾ ಗಾಳಿ ಹೊರಡಿಸಿ. ಗುಳ್ಳೆ ಉಳಿದರೆ ಬ್ಲೇಡಿನಿಂದ ಸೀಳಿ ಒತ್ತಿ. ದಪ್ಪ ಎಲ್ಲಾ ಕಡೆ ಒಂದೇ ಇರಬೇಕು. ಒಂದು ಕಡೆ 2, ಇನ್ನೊಂದು ಕಡೆ 8 ಮಿ.ಮೀ. ಆದರೆ ಆ ಸಂದಿಯಲ್ಲೇ ಬಿರುಕು. ಈ ಬರೀ ಮೈಯನ್ನು 15 ನಿಮಿಷ ಬೇಯಿಸಿ, ಆರಿಸಿ. ಹೀಗೆ ಗಟ್ಟಿ ಮಾಡಿಕೊಂಡರೆ ಉಡುಪು ಹಚ್ಚುವಾಗ ಕೆಳಗಿನದು ನಜ್ಜುಗುಜ್ಜಾಗುವುದಿಲ್ಲ.

ಕೊಡವ ವಧುವಿನ ಸೀರೆಯಲ್ಲಿ ನೆರಿಗೆ ಹಿಂದೆ ಇರುತ್ತದೆ. ನೂರರಲ್ಲಿ ತೊಂಬತ್ತು ಗೊಂಬೆಗಳಲ್ಲಿ ಅದನ್ನು ಮುಂದೆ ಮಾಡಿರುತ್ತಾರೆ, ನೋಡಿದ ತಕ್ಷಣ ಗೊತ್ತಾಗುತ್ತದೆ. ಮುಂಭಾಗ ಸಪಾಟಾಗಿ ಬಿಡಿ. ಹಿಂದೆ ಹೆಣಿಗೆ ಕಡ್ಡಿಯಿಂದ ಐದಾರು ಗೆರೆ ಆಳವಾಗಿ ಒತ್ತಿ. ಸೆರಗನ್ನು 1.5 ಮಿ.ಮೀ. ಪಟ್ಟಿಯಾಗಿ ಕತ್ತರಿಸಿ, ಎಡಗೈಯ ಕೆಳಗಿಂದ ಎದೆಯ ಮೇಲೆ ತಂದು, ಬಲ ಭುಜದ ಮೇಲೆ ಕೂರಿಸಿ. ಹಾಗೆ ನೋಡಿದರೆ ಗೊಂಬೆ ಮಾಡುವವರಿಗೆ ಈ ಉಡುಗೆ ಒಂದು ವರ. ಇಳಿಬಿಟ್ಟ ಸೆರಗು ಇಲ್ಲ, ಮುರಿಯುವ ತುದಿಯೂ ಇಲ್ಲ. ತಲೆಯ ಮೇಲಿನ ವಸ್ತ್ರವನ್ನು ಈಗಲೇ ಹಾಕಬೇಡಿ, ತಲೆ ಕೂತ ಮೇಲೆ.

ವರನ ಕುಪ್ಯ ಮೊಣಕಾಲಿನವರೆಗೆ ಬರುತ್ತದೆ, ಅರ್ಧ ತೋಳು. ಬೇರೆ ದಿನಗಳಲ್ಲಿ ಕಪ್ಪು ಕುಪ್ಯ, ಮದುಮಗನಿಗೆ ಬಿಳಿ. ಒಳಗಿನ ಷರ್ಟಿನ ತೋಳನ್ನು ಮೊದಲು ಮಾಡಿ, ಆಮೇಲೆ ಕುಪ್ಯ ಹೊದಿಸಿ. ಅದರ ಕೆಳ ಅಂಚು ಕಾಲಿಗೆ ಅಂಟಿಕೊಂಡಿರಲಿ. ಗಾಳಿಗೆ ಹಾರುವ ಹಾಗೆ ಮಾಡಿದ ಅಂಚು ದಾರಿಯಲ್ಲೇ ಮುರಿಯುತ್ತದೆ. ಸೊಂಟಕ್ಕೆ ಕೆಂಪು ಚೇಲೆ (ನಡುವಿಗೆ ಸುತ್ತುವ ಪಟ್ಟಿ), ಅದರಲ್ಲಿ ಮುಂದೆ ಸಿಕ್ಕಿಸಿದ ಪೀಚೆಕತ್ತಿ. ಕತ್ತಿಯನ್ನು ಬೇರೆಯಾಗಿ ಬೇಯಿಸಿ, ಆಮೇಲೆ ಒತ್ತಿ ಕೂರಿಸಿದರೆ ನೇರವಾಗಿ ಉಳಿಯುತ್ತದೆ. ಚೇಲೆಯನ್ನು ಕೈಯಿಂದ ಮುಟ್ಟಬೇಡಿ, ಟೂತ್‌ಪಿಕ್‌ನಲ್ಲೇ ಎತ್ತಿಡಿ. ಬಿಳಿ ಕುಪ್ಯ ನೆನಪಿದೆ ಅಲ್ವಾ?

ತೋಳುಗಳನ್ನು ಮೈಗೆ ಒರಗಿಸಿ. ಇಬ್ಬರೂ ಕೈ ಹಿಡಿದುಕೊಂಡಿದ್ದರೆ ಇನ್ನೂ ಒಳ್ಳೆಯದು, ಒಬ್ಬರಿಗೊಬ್ಬರು ಆಸರೆ. ಹಾರ ಹಿಡಿದು ಚಾಚಿದ ಕೈ ಚೆಂದ ಕಾಣುತ್ತದೆ, ಬಾಳುವುದಿಲ್ಲ.

ತಲೆಯನ್ನು ಬೇರೆಯಾಗಿಯೇ ಮಾಡಿ. ಹೊಸಬರು ಹುಬ್ಬು, ಮೂಗು, ತುಟಿ ಎಲ್ಲವನ್ನೂ ನಿಜದ ಹಾಗೆ ಮಾಡಲು ಹೋಗಿ ಗೆಳೆಯರನ್ನು ಭೂತ ಮಾಡಿಬಿಡುತ್ತಾರೆ. ಎರಡು ಕಪ್ಪು ಚುಕ್ಕಿ ಕಣ್ಣು, ಅಕ್ಕಿಕಾಳಿನಷ್ಟು ಮೂಗು, ಒಂದು ನಗುವಿನ ಗೆರೆ ಸಾಕು. ಕಣ್ಣುಗಳು ಮುಖದ ಅರ್ಧಕ್ಕಿಂತ ಸ್ವಲ್ಪ ಕೆಳಗಿರಲಿ. ಗುರುತು ಸಿಗುವುದು ಬೇರೆ ಕಡೆಯಿಂದ: ಕನ್ನಡಕ, ಗಡ್ಡ, ಗುಂಗುರು ಕೂದಲು, ಕೆನ್ನೆಯ ಗುಳಿ. ಕನ್ನಡಕಕ್ಕೆ ತೆಳು ತಾಮ್ರದ ತಂತಿಯನ್ನು ರೀಫಿಲ್ ಸುತ್ತ ಸುತ್ತಿ. ಮನೆಯ ನಾಯಿಯನ್ನು ಕಾಲ ಬಳಿ ಕೂರಿಸಿದರೆ ಜೋಡಿಗಿಂತ ಅದಕ್ಕೇ ಹೆಚ್ಚು ಹೊಗಳಿಕೆ ಸಿಗಬಹುದು, ಸಿದ್ಧವಾಗಿರಿ.

ಹಸಿ ತಲೆಯನ್ನು ಕುತ್ತಿಗೆಯ ತಂತಿಗೆ ಇಳಿಸಿ, ಸಂದಿಗೆ ಲಿಕ್ವಿಡ್ ಕ್ಲೇ ಹಾಕಿ. ಆಮೇಲೆ ಕೂದಲು, ಮಂಡೆತುಣಿ (ವರನ ಪೇಟ), ವಧುವಿನ ತಲೆಯ ವಸ್ತ್ರ. ವಸ್ತ್ರದ ಹಿಂಭಾಗವನ್ನು ಬೆನ್ನಿಗೆ ಅಂಟಿಸಿಬಿಡಿ. ಅದೇ ಕುತ್ತಿಗೆಗೆ ಎರಡನೇ ಕಂಬ. ವಧುವಿನ ಕತ್ತಿನ ಸರವಾದ ಕೊಕ್ಕೆತಾತಿಯ ಅರ್ಧಚಂದ್ರವನ್ನು ಕ್ಲೇಯಲ್ಲಿ ಕತ್ತರಿಸಿ ಒತ್ತಿ, ಸರದ ಮಣಿಗಳನ್ನು ಸೂಜಿಯಿಂದ ಚುಚ್ಚಿ ಮೂಡಿಸಿ. ಬಂಗಾರದ ಬಣ್ಣ ಆಮೇಲೆ.

7. ಬೇಯಿಸುವುದು

ಪ್ಯಾಕೆಟ್ ಮೇಲೆ ಬರೆದ ಬಿಸಿಯೇ ಅಂತಿಮ. ಬಹುಪಾಲು ಬ್ರಾಂಡ್‌ಗಳಿಗೆ ಅದು 110ರಿಂದ 130 ಡಿಗ್ರಿ ಸೆಲ್ಸಿಯಸ್. 6 ಮಿ.ಮೀ. ದಪ್ಪಕ್ಕೆ 30 ನಿಮಿಷ ಅನ್ನುವುದು ಸಾಮಾನ್ಯ ಲೆಕ್ಕ. ಓಟಿಜಿಯನ್ನು ಮೊದಲೇ ಕಾಯಿಸಿ, ಥರ್ಮಾಮೀಟರ್ ಹೇಳಿದ ಮೇಲೆ ಗೊಂಬೆ ಒಳಗಿಡಿ. ಕೆಳಗಿನ ಕಂಬಿ ಮಾತ್ರ ಉರಿಯಲಿ, ಮೇಲಿನದು ಬೇಡ. ಗೊಂಬೆಯ ಮೇಲೆ ಫಾಯಿಲ್‌ನ ಚಪ್ಪರ ಹಾಕಿ, ಗೊಂಬೆಗೆ ತಾಗದ ಹಾಗೆ. ಇಲ್ಲದಿದ್ದರೆ ಬಿಳಿ ಕುಪ್ಯ ಬಾದಾಮಿ ಬಣ್ಣಕ್ಕೆ ತಿರುಗುತ್ತದೆ.

ಕಿಟಕಿ ತೆರೆದಿರಲಿ. ಸ್ವಲ್ಪ ಪ್ಲಾಸ್ಟಿಕ್ ವಾಸನೆ ಸಹಜ. ಕಣ್ಣು ಮೂಗು ಉರಿಸುವ ಘಾಟು ಬಂದರೆ ಅಥವಾ ಅಂಚು ಕಂದಾದರೆ ತಕ್ಷಣ ಆಫ್ ಮಾಡಿ ಹೊರಗೆ ಬನ್ನಿ. 175 ಡಿಗ್ರಿ ದಾಟಿ ಕ್ಲೇ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಹೊರಡುತ್ತದೆ, ಅದು ಗಂಟಲಿಗೂ ಎದೆಗೂ ಕೆಟ್ಟದ್ದು. ಅದೇ ಹೊತ್ತಿಗೆ ಓಟಿಜಿಯಲ್ಲಿ ತಿನ್ನುವ ಯಾವುದನ್ನೂ ಇಡಬೇಡಿ. ಕೆಲಸ ಮುಗಿದ ಮೇಲೆ ಒಳಗೆ ಒರೆಸಿ.

ಕರೆಂಟ್ ಹೋದರೆ? ನಮ್ಮಲ್ಲಿ ಹೋಗುತ್ತದೆ. ಗಾಬರಿ ಬೇಡ. ಬಾಗಿಲು ತೆರೆಯದೆ ಬಿಡಿ. ಬಂದ ಮೇಲೆ ಮತ್ತೆ ಕಾಯಿಸಿ, ಸಮಯವನ್ನು ಮೊದಲಿನಿಂದ ಲೆಕ್ಕ ಹಾಕಿ. ಸರಿಯಾದ ಬಿಸಿಯಲ್ಲಿ ಎರಡು ಮೂರು ಸಲ ಬೇಯಿಸಿದರೆ ಪಾಲಿಮರ್ ಕ್ಲೇ ಕೆಡುವುದಿಲ್ಲ. ಕಡಿಮೆ ಬೆಂದರೆ ಮಾತ್ರ ಬಿಸ್ಕತ್ತಾಗಿ ಪುಡಿಯಾಗುತ್ತದೆ.

ಬೆಂದಿದೆಯೋ ಇಲ್ಲವೋ ಹೇಗೆ ತಿಳಿಯುವುದು? ಗೊಂಬೆಯ ಜೊತೆ 2 ಮಿ.ಮೀ. ದಪ್ಪದ ಒಂದು ಪಟ್ಟಿಯನ್ನೂ ಬೇಯಿಸಿ. ಪೂರ್ತಿ ಆರಿದ ಮೇಲೆ ಬಗ್ಗಿಸಿ. ಬಳುಕಿದರೆ ಸರಿ, ಪಟಕ್ಕನೆ ಮುರಿದರೆ ಇನ್ನೊಂದು ಸಲ ಒಳಗೆ. ಬಿಸಿಯಿರುವಾಗ ಎಲ್ಲವೂ ಮೆತ್ತಗೇ ಇರುತ್ತದೆ, ಮುಟ್ಟಿ ತೀರ್ಮಾನಿಸಬೇಡಿ. ಓಟಿಜಿ ಆಫ್ ಮಾಡಿ, ಬಾಗಿಲನ್ನು ಸ್ವಲ್ಪವೇ ತೆರೆದು, ಗೊಂಬೆ ಅಲ್ಲೇ ಆರಲಿ. ತಣ್ಣಗಿನ ಗಾಳಿ ಒಮ್ಮೆಲೇ ಬಡಿದರೂ ಬಿರುಕು ಬರುತ್ತದೆ.

8. ಬಣ್ಣ ಮತ್ತು ವಾರ್ನಿಷ್

ಅಕ್ರಿಲಿಕ್ ಬಣ್ಣ ಮಾತ್ರ. ಸೀರೆಯ ಜರಿ ಅಂಚು, ಪತ್ತಾಕ್, ಜೋಮಾಲೆಯಂಥ ಕತ್ತಿನ ಒಡವೆ ಎಲ್ಲಕ್ಕೂ ಸೊನ್ನೆ ನಂಬರಿನ ಬ್ರಷ್‌ನಲ್ಲಿ ಬಂಗಾರದ ಅಕ್ರಿಲಿಕ್. ನೈಲ್ ಪಾಲಿಶ್ ಹೊಳೆಯುತ್ತದೆ ಅಂತ ಹಚ್ಚುವವರಿದ್ದಾರೆ. ಅದರಲ್ಲಿನ ದ್ರಾವಕ ಕ್ಲೇಯನ್ನು ಮೆತ್ತಗಾಗಿಸಿ ಅಂಟಂಟು ಮಾಡುತ್ತದೆ, ವಾರವಾದರೂ ಆರುವುದಿಲ್ಲ. ಬಹಳಷ್ಟು ಸ್ಪ್ರೇ ವಾರ್ನಿಷ್‌ಗಳದ್ದೂ ಇದೇ ಕಥೆ. ಬಳಿದ ಬ್ರಷ್ಷನ್ನು ನೀರಿನಲ್ಲೇ ತೊಳೆಯಬಹುದಾದ ವಾರ್ನಿಷ್ ಕೊಳ್ಳಿ, ಒಡವೆಗೆ ಮಾತ್ರ ಹೊಳಪು, ಬಟ್ಟೆಗೆ ಮ್ಯಾಟ್.

9. ಓಟಿಜಿ ಇಲ್ಲದವರಿಗೆ

ಏರ್ ಡ್ರೈ ಕ್ಲೇ ಒಣಗುತ್ತಾ ಕುಗ್ಗುತ್ತದೆ. ಒಳಗಿನ ಫಾಯಿಲ್ ಕುಗ್ಗುವುದಿಲ್ಲ. ಬಿರುಕಿಗೆ ಮೂಲ ಕಾರಣ ಇಷ್ಟೇ. ಫಾಯಿಲ್ ಮೇಲೆ ಮಾಸ್ಕಿಂಗ್ ಟೇಪ್ ಸುತ್ತಿ, ತೆಳುವಾಗಿ ಒಂದು ಪದರ ಹಚ್ಚಿ, ಅದು ಒಣಗಿದ ಮೇಲೆ ಇನ್ನೊಂದು. ಬಿರುಕು ಬಂದರೆ ಅದೇ ಕ್ಲೇಯನ್ನು ನೀರಿನಲ್ಲಿ ಕಲಸಿ, ಚೂರು ಫೆವಿಕಾಲ್ ಬೆರೆಸಿ ತುಂಬಿ.

ಬೇಗ ಒಣಗಲಿ ಅಂತ ಒಲೆಯ ಮೇಲಿನ ಅಟ್ಟಕ್ಕೆ ಇಡಬೇಡಿ, ಕಾಫಿ ಕಣದ ಬಿಸಿಲಿಗೂ ಇಡಬೇಡಿ. ಹೊರಗೆ ಒಣಗಿ ಒಳಗೆ ಹಸಿ ಉಳಿದರೆ ಸೀಳುತ್ತದೆ. ಮೊದಲ ದಿನ ತೆಳು ಬಟ್ಟೆ ಮುಚ್ಚಿ, ಆಮೇಲೆ ಫ್ಯಾನ್ ಗಾಳಿ ದೂರದಿಂದ. ಕೆನ್ನೆಗೆ ತಾಗಿಸಿ ನೋಡಿ, ತಣ್ಣಗಿದ್ದರೆ ಒಳಗೆ ಇನ್ನೂ ನೀರಿದೆ. ಹಾಗೇ ಬಣ್ಣ ಬಳಿದರೆ ಬೂಷ್ಟು ಬರುತ್ತದೆ. ಪೂರ್ತಿ ಒಣಗಿದ ಮೇಲೆ ತಳವೂ ಸೇರಿ ಎಲ್ಲಾ ಕಡೆ ವಾರ್ನಿಷ್, ನಂತರ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಗಾಳಿಯಾಡದ ಡಬ್ಬ. ಈ ಗೊಂಬೆಯನ್ನು ಕೇಕ್ ಜೊತೆ ಫ್ರಿಜ್‌ಗೆ ಇಡಲೇಬಾರದು. ಹೊರಗೆ ತೆಗೆದಾಗ ಮೇಲೆ ಹನಿಗಟ್ಟಿ ಕ್ಲೇ ಕರಗುತ್ತದೆ.

10. ಸಾಗಿಸುವುದು

ವಿರಾಜಪೇಟೆಯಿಂದ ಮಡಿಕೇರಿಗೆ ಹೋಗುವ ತಿರುವುಗಳಲ್ಲಿ ಮನುಷ್ಯರೇ ಗಟ್ಟಿಯಾಗಿ ಹಿಡಿದು ಕೂರಬೇಕು, ಇನ್ನು ಗೊಂಬೆ? ಡಿಸ್ಕನ್ನು ಡಬಲ್ ಸೈಡ್ ಟೇಪ್‌ನಿಂದ ರಟ್ಟಿನ ಪೆಟ್ಟಿಗೆಯ ತಳಕ್ಕೆ ಅಂಟಿಸಿ. ಸುತ್ತ ಟಿಶ್ಯೂ ಪೇಪರ್ ತುಂಬಿ. ಥರ್ಮಾಕೋಲ್ ನೇರವಾಗಿ ತಾಗದಿರಲಿ, ಪಾಲಿಮರ್ ಕ್ಲೇ ಜೊತೆ ಅದು ಅಂಟಿಕೊಳ್ಳಬಹುದು. ಪೆಟ್ಟಿಗೆ ಡಿಕ್ಕಿಯಲ್ಲಿ ಬೇಡ, ಒಬ್ಬರ ತೊಡೆಯ ಮೇಲೆ. ಫೆವಿಕ್ವಿಕ್, ಸಣ್ಣ ಬ್ರಷ್, ಬಿಳಿ ಕೆಂಪು ಬಂಗಾರದ ಬಣ್ಣ, ಟೂತ್‌ಪಿಕ್ ಇಷ್ಟನ್ನು ಚೀಲದಲ್ಲಿ ಇಟ್ಟುಕೊಳ್ಳಿ.

11. ಕೇಕ್ ಮೇಲೆ ನಿಲ್ಲಿಸುವುದು

ಕ್ಲೇ, ಬಣ್ಣ, ವಾರ್ನಿಷ್ ಯಾವುದೂ ತಿನ್ನುವ ವಸ್ತು ಅಲ್ಲ. ತಂತಿಯ ತುದಿ ಕೇಕ್ ಒಳಗೆ ಹೋಗಬಾರದು, ಡಿಸ್ಕ್ ಕ್ರೀಮ್‌ಗೆ ತಾಗಬಾರದು. ಡಿಸ್ಕ್ ತಳದಲ್ಲಿ ಮಡಚಿದ ತಂತಿಯ ಮೇಲೆ ಅರಾಲ್ಡೈಟ್ (ಎಪಾಕ್ಸಿ ಅಂಟು) ಹಚ್ಚಿ ಒಂದು ದಿನ ಬಿಟ್ಟಿರಬೇಕು. ಇದನ್ನು ಬೇಯಿಸುವುದೆಲ್ಲಾ ಮುಗಿದ ಮೇಲೆ ಮನೆಯಲ್ಲೇ ಮಾಡಿ. ಕೇಕ್ ಮೇಲೆ ಮೊದಲು ಬೇಕರಿಯವರ ಚಿಕ್ಕ ಕೇಕ್ ಬೋರ್ಡ್, ಅದರ ಮೇಲೆ ಡಿಸ್ಕ್.

ಆ ಬೋರ್ಡಿನ ಕೆಳಗೆ ಆಸರೆ ಬೇಕು. ಮೇಲಿನ ಅಂತಸ್ತಿನ ಎತ್ತರಕ್ಕೆ ಸರಿಯಾಗಿ ಕತ್ತರಿಸಿದ ನಾಲ್ಕು ದಪ್ಪ ಸ್ಟ್ರಾಗಳನ್ನು ಚೌಕವಾಗಿ ಚುಚ್ಚಲು ಕೇಕ್ ಮಾಡುವವರಿಗೆ ಮೊದಲೇ ಹೇಳಿ. ಭಾರ ಸ್ಟ್ರಾಗಳ ಮೇಲೆ ಬೀಳುತ್ತದೆ, ಕ್ರೀಮ್ ಮೇಲಲ್ಲ. ಗೊಂಬೆ ಮುಳುಗುವುದು ಬಹುತೇಕ ಈ ನಾಲ್ಕು ಸ್ಟ್ರಾ ಇಲ್ಲದ್ದರಿಂದ.

ಕೇಕ್ ಮೇಜಿಗೆ ಬಂದು ಕೂತ ಮೇಲೆಯೇ ಗೊಂಬೆ ಇಡಿ. ಹಾಲ್‌ನ ಗಲಾಟೆಯಲ್ಲಿ ನೀವೇ ಎಲ್ಲೋ ಊಟದ ಸಾಲಿನಲ್ಲಿರಬಹುದು, ಆದ್ದರಿಂದ ಒಬ್ಬರಿಗೆ ಜವಾಬ್ದಾರಿ ಕೊಡಿ: ಫೋಟೊ ಆದ ಕೂಡಲೇ, ಚಾಕು ಹಾಕುವ ಮೊದಲು, ಗೊಂಬೆಯನ್ನು ಡಿಸ್ಕ್ ಹಿಡಿದು ಎತ್ತಬೇಕು. ತಲೆ ಹಿಡಿದು ಅಲ್ಲ. ಸಕ್ಕರೆ ಗೊಂಬೆ ಅಂತ ಮಕ್ಕಳು ಕಚ್ಚಲು ಬರುತ್ತಾರೆ, ಅದನ್ನೂ ಅವರಿಗೆ ಹೇಳಿಡಿ. ಕ್ರೀಮ್ ಹತ್ತಿದ್ದರೆ ಸೋಪಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿದರೆ ಸಾಕು. ನೀರಿನಲ್ಲಿ ನೆನೆಹಾಕಬೇಡಿ, ಎಂಡಿಎಫ್ ಉಬ್ಬುತ್ತದೆ.